ಬ್ರಾಂಟೆ ಸೋದರಿಯರ ಮಾಯಾಕ್ರೀಡೆಯೂ ಮೃತಸಂಜೀವಿನಿಯೂ

೧

ಆಡುವವರು ಆಟವನ್ನು ಆಡುವರೋ, ಆಟವೇ ಆಡುವವರನ್ನು ಆಡಿಸುವುದೋ ಎಂಬ ಸಂದೇಹವು ನಮ್ಮ ಸಾಹಿತ್ಯದಲ್ಲಿ ಬಹು ಹಳೆಯದು. ಸೋದರಿಯರಾದ ಕದ್ರೂವಿನತೆಯರು ಉಚ್ಚೈಃಶ್ರವಸ್ಸಿನ ಬಾಲದ ಬಣ್ಣವನ್ನು ಕುರಿತು ಪಣವೊಡ್ಡಿದರು. ಆ ಪಣದಿಂದ ವಿನತೆಗೆ ದಾಸ್ಯವೂ, ಆಕೆಯನ್ನು ಬಿಡಿಸಲು ಗರುಡನಿಗೆ ಅಮೃತವನ್ನು ತರುವ ಹೊಣೆಯೂ ಬಂದೊದಗಿದುವು. ಸೋದರಿಯರ ಆಟವೊಂದು ಕಡೆಗೆ ಸಾವನ್ನು ಗೆಲ್ಲುವ ವಸ್ತುವಿನ ಅನ್ವೇಷಣೆಯಾಗಿ ಪರಿಣಮಿಸಿದ ಈ ಕಥೆಯನ್ನು ಆದಿಪರ್ವದಲ್ಲಿ ಓದಿದವರಿಗೆ, ಕೆಳಗೆ ಹೇಳಲಿರುವ ವಿಷಯವು ದೂರದೇಶದ್ದಾದರೂ ತೀರ ಅಪರಿಚಿತವೆಂದು ತೋರದು.

ಅಮೆರಿಕದ ಲೇಖಕಿಯಾದ ಕ್ಯಾಥರಿನ್ ವ್ಯಾಲೆಂಟೆಯವರು ೨೦೧೭ರಲ್ಲಿ 'ದಿ ಗ್ಲಾಸ್ ಟೌನ್ ಗೇಮ್' ಎಂಬ ಅದ್ಭುತ ಕಾದಂಬರಿಯೊಂದನ್ನು ಪ್ರಕಟಿಸಿದರು. ಹೆಸರಿನ ಅರ್ಥ 'ಗಾಜಿನ ನಗರದ ಆಟ'. ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಪಾದ್ರಿಯೊಬ್ಬನ ಮಕ್ಕಳಾದ ಷಾರ್ಲೆಟ್, ಬ್ರಾನ್‌ವೆಲ್, ಎಮಿಲಿ, ಆನ್ ಎಂಬ ನಾಲ್ವರು ಮರದ ಸಿಪಾಯಿಗಳನ್ನಿಟ್ಟುಕೊಂಡು ಗಾಜಿನ ನಗರವೆಂಬ ಊರನ್ನು ಕಲ್ಪಿಸಿ ಆಡುತ್ತಿರುವರು. ಹಿರಿಯರಾದ ಇಬ್ಬರು ಹುಡುಗಿಯರು ಅಪಾಯಕರವಾದ ಶಾಲೆಯೊಂದಕ್ಕೆ ಹೊರಡಬೇಕಾದ ದಿನ, ವಿಚಿತ್ರವಾದ ರೈಲುಗಾಡಿಯೊಂದು ನಾಲ್ವರನ್ನೂ ಆ ನಗರಕ್ಕೇ ಒಯ್ದುಬಿಡುವುದು. ಅಲ್ಲಿ ಬೊಂಬೆಗಳು ಜೀವಂತವಾಗಿವೆ; ವೆಲಿಂಗ್‌ಟನ್ನನಿಗೂ ನೆಪೋಲಿಯನ್ನನಿಗೂ ಯುದ್ಧ ನಡೆಯುತ್ತಿದೆ; ಸತ್ತವರನ್ನು ಎಬ್ಬಿಸುವ ರಸವೊಂದಕ್ಕಾಗಿ ಹೋರಾಟವಿದೆ. ಆ ರಸವನ್ನು ಮನೆಗೆ ಕೊಂಡೊಯ್ಯಬೇಕೆಂಬುದು ಕಿರಿಯಳಾದ ಆನ್ ಎಂಬುವಳ ಆಸೆ.

ಇದೊಂದು ಬಾಲರ ಕಾದಂಬರಿ. ಚರಿತ್ರೆಯ ದೃಷ್ಟಿಯಿಂದ ಇದರಲ್ಲಿ ದೋಷವನ್ನೆತ್ತುವುದು ಸುಲಭ. ಆ ಪಾದ್ರಿಯ ಊರಾದ ಹಾವರ್ತಿಗೆ ರೈಲು ಬಂದುದು ೧೮೬೭ರಲ್ಲಿ. ಆ ವೇಳೆಗೆ ಮಕ್ಕಳೆಲ್ಲರೂ ತಂದೆಯೂ ಕಾಲವಾಗಿದ್ದರು. ಆದರೆ ಕಾದಂಬರಿಯ ಅತ್ಯಂತ ಅದ್ಭುತವಾದ ಅಂಶವು, ಎಂದರೆ ಸತ್ತವರನ್ನು ಬದುಕಿಸುವ ಸಂಗತಿಯು, ಲೇಖಕಿಯ ಸ್ವಕಪೋಲಕಲ್ಪಿತವಲ್ಲ. ಅದರ ಬೀಜವು ಚರಿತ್ರೆಯಲ್ಲಿಯೇ ಇದೆ. ಆ ಬೀಜವು ಎಲ್ಲಿ ಬಿದ್ದಿತು, ಹೇಗೆ ಬೆಳೆಯಿತು, 'ಜೇನ್ ಏರ್' 'ವುದರಿಂಗ್ ಹೈಟ್ಸ್' ಎಂಬ ಮಹಾಕೃತಿಗಳಿಗೂ ಅದಕ್ಕೂ ಏನು ಸಂಬಂಧ, ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಐರ್ಲೆಂಡಿನಲ್ಲಿ ಹುಟ್ಟಿ ಕೇಂಬ್ರಿಜ್ಜಿನಲ್ಲಿ ಓದಿದ ಪ್ಯಾಟ್ರಿಕ್ ಬ್ರಾಂಟೆಯು ೧೮೨೦ರಲ್ಲಿ ಹಾವರ್ತಿನ ಪಾದ್ರಿಯಾಗಿ ಬಂದನು. ಮರುವರ್ಷ ಸೆಪ್ಟೆಂಬರಿನಲ್ಲಿ ಆತನ ಹೆಂಡತಿ ತೀರಿಕೊಂಡಳು. ಉಳಿದವರು ಆರು ಮಕ್ಕಳು: ಮರಿಯಾ, ಎಲಿಜಬೆತ್, ಷಾರ್ಲೆಟ್, ಬ್ರಾನ್‌ವೆಲ್, ಎಮಿಲಿ, ಆನ್. ತಾಯಿಯ ಅಕ್ಕನೊಬ್ಬಳು ಬಂದು ಮನೆಯನ್ನು ನೋಡಿಕೊಂಡಳು. ೧೮೨೪ರಲ್ಲಿ ಹಿರಿಯ ಹೆಣ್ಣುಮಕ್ಕಳು ನಾಲ್ವರನ್ನು ಕೋವನ್ ಬ್ರಿಜ್ ಎಂಬಲ್ಲಿದ್ದ ಪಾದ್ರಿಮಕ್ಕಳ ಶಾಲೆಗೆ ಕಳುಹಿಸಲಾಯಿತು. ಅಲ್ಲಿಂದ ಮರಿಯಾ ಕ್ಷಯರೋಗದಿಂದ ಮನೆಗೆ ಬಂದು ೧೮೨೫ನೆಯ ಮೇ ೬ರಂದು ಸತ್ತಳು. ಎಲಿಜಬೆತ್ ಜೂನ್ ೧೫ರಂದು. ಒಬ್ಬಳಿಗೆ ಹನ್ನೊಂದು ವರ್ಷ, ಇನ್ನೊಬ್ಬಳಿಗೆ ಹತ್ತು. ತಾಯಿಯಿಲ್ಲದ ಮನೆಯಲ್ಲಿ ಮರಿಯಾ ಕಿರಿಯರಿಗೆ ತಾಯಿಯಂತಿದ್ದವಳು. ಒಂಬತ್ತು ವರ್ಷದ ಷಾರ್ಲೆಟ್ಟಳು ಒಮ್ಮೆಗೇ ಮನೆಗೆ ಹಿರಿಯಮಗಳಾದಳು.

ಇದಾದ ಒಂದು ವರ್ಷಕ್ಕೆ, ೧೮೨೬ನೆಯ ಜೂನ್ ೫ರಂದು, ತಂದೆಯು ಲೀಡ್ಸ್ ನಗರದಿಂದ ಮಗನಿಗಾಗಿ ಮರದ ಸಿಪಾಯಿಗಳ ಪೆಟ್ಟಿಗೆಯೊಂದನ್ನು ತಂದನು, ಬೊಂಬೆಗಳು ಹನ್ನೆರಡು. ಬೆಳಗ್ಗೆ ಬ್ರಾನ್‌ವೆಲ್ಲನು ಪೆಟ್ಟಿಗೆಯನ್ನು ಹಿಡಿದು ಅಕ್ಕತಂಗಿಯರ ಬಾಗಿಲಿಗೆ ಬಂದುದನ್ನೂ, ತಾನು ಹಾಸಿಗೆಯಿಂದ ಹಾರಿ ಎಲ್ಲಕ್ಕಿಂತ ಅಂದವಾದ ಬೊಂಬೆಯನ್ನು ಎತ್ತಿಕೊಂಡು ಅದಕ್ಕೆ ವೆಲಿಂಗ್‌ಟನ್ ಎಂದು ಹೆಸರಿಟ್ಟುದನ್ನೂ ಷಾರ್ಲೆಟ್ಟಳು ೧೮೨೯ನೆಯ ಮಾರ್ಚ್ ೧೨ರಂದು ಬರೆದಿಟ್ಟ ವೃತ್ತಾಂತದಲ್ಲಿ ಹೇಳಿರುವಳು. ಎಮಿಲಿಯ ಬೊಂಬೆ ಗಂಭೀರಮುಖದ್ದಾದುದರಿಂದ ಅದಕ್ಕೆ 'ಗ್ರೇವಿ' ಎಂದು ಹೆಸರಾಯಿತು, ಆನ್ ಎಂಬುವಳದು ಅವಳಂತೆಯೇ ಚಿಕ್ಕದು, ಅದು 'ವೇಟಿಂಗ್ ಬಾಯ್', ಬ್ರಾನ್‌ವೆಲ್ಲನದು ಬೋನಪಾರ್ಟೆ. ನಮ್ಮಲ್ಲಿ ಬತ್ತೀಸಪುತ್ತಳಿಗಳು ವಿಕ್ರಮನ ಸಿಂಹಾಸನದ ಮೆಟ್ಟಿಲುಗಳಲ್ಲಿ ನಿಂತು ಕಥೆ ಹೇಳಿದುವಷ್ಟೆ. ಹಾವರ್ತಿನ ಹನ್ನೆರಡು ಪುತ್ತಳಿಗಳು ಕಥೆಯನ್ನು ಹೇಳಲಿಲ್ಲ, ಹೇಳಿಸಿದುವು.

ಆಟವು ಬೇಗನೆ ಬೆಳೆಯಿತು. ೧೮೨೭ರ ಜುಲೈಯಲ್ಲಿ ಒಂದು, ಡಿಸೆಂಬರಿನಲ್ಲಿ ಇನ್ನೊಂದು, ಹೀಗೆ ಹೊಸ ಆಟಗಳು ಸೇರಿದುವು. ಷಾರ್ಲೆಟ್ಟಳೂ ಎಮಿಲಿಯೂ ಹಾಸಿಗೆಯಲ್ಲಿ ಮಲಗಿ ಗುಟ್ಟಾಗಿ ಆಡುವ ಆಟಗಳೂ ಇದ್ದುವು. ಹನ್ನೆರಡು ವೀರರು ಹಡಗೇರಿ ಆಫ್ರಿಕದ ಪಶ್ಚಿಮತೀರವನ್ನು ಸೇರಿ ಅಲ್ಲಿ ಗಾಜಿನ ನಗರವನ್ನು ಕಟ್ಟಿದರೆಂಬುದು ಮೂಲಕಥೆ. ಮನೆಗೆ ಬರುತ್ತಿದ್ದ 'ಬ್ಲಾಕ್‌ವುಡ್' ಮಾಸಪತ್ರಿಕೆ, ಗೋಲ್ಡ್‌ಸ್ಮಿತ್ತನ ಭೂಗೋಳ, ಅರೇಬಿಯದ ಸಾವಿರದೊಂದು ರಾತ್ರಿಗಳ ಕಥೆಗಳು, ಇವು ಮಕ್ಕಳಿಗೆ ಒದಗಿದ ಸಾಮಗ್ರಿ. ಅರಬೀ ಕಥೆಗಳಿಂದ ಅವರು 'ಜೀನಿ' ಎಂಬ ಯಕ್ಷರನ್ನು ತೆಗೆದುಕೊಂಡರು. ನಾಲ್ವರು ಮಹಾಯಕ್ಷರು ಆ ನಗರವನ್ನು ಕಾಯುವರು. ಅವರ ಹೆಸರು ಟಾಲಿ, ಬ್ರಾನ್ನಿ, ಎಮ್ಮಿ, ಆನ್ನಿ. ಇವರು ಆ ನಾಲ್ಕು ಮಕ್ಕಳೇ ಎಂದು ಬೇರೆ ಹೇಳಬೇಕಾದುದಿಲ್ಲ.

ಯುದ್ಧದಾಟದಲ್ಲಿ ಸಿಪಾಯಿಗಳು ಸಾಯುತ್ತಲೇ ಇರಬೇಕು. ಇರುವವರೋ ಹನ್ನೆರಡೇ ಮಂದಿ. ಆದುದರಿಂದ ಸತ್ತವರನ್ನು ಮತ್ತೆ ಬದುಕಿಸುವ ಶಕ್ತಿಯು ಯಕ್ಷರಿಗೆ ಬಂದಿತು. ನಮ್ಮ ಶುಕ್ರಾಚಾರ್ಯನ ಮೃತಸಂಜೀವಿನಿಯೂ ಇಂಥದೇ ಒಂದು ಯುದ್ಧದ ಅವಶ್ಯಕತೆಯಿಂದ ಹುಟ್ಟಿದ ವಿದ್ಯೆಯಲ್ಲವೆ? ಇದನ್ನು ಕೇವಲ ಆಟದ ಅನುಕೂಲವೆಂದು ತಳ್ಳಿಬಿಡಬಹುದು. ಆದರೆ ಕಾಲಾನುಕ್ರಮವನ್ನು ನೋಡಬೇಕು. ೧೮೨೫ರ ಜೂನಿನಲ್ಲಿ ಎರಡನೆಯ ಅಕ್ಕನ ಮರಣ. ೧೮೨೬ರ ಜೂನಿನಲ್ಲಿ, ಸತ್ತವರು ಏಳುವ ಆಟ. ಒಂದು ಇನ್ನೊಂದಕ್ಕೆ ಕಾರಣವೆಂದು ಮಕ್ಕಳು ತಾವೇ ಬರೆದಿಟ್ಟಿಲ್ಲ, ಇದು ಊಹೆ. ಆದರೆ ಇಬ್ಬರು ಅಕ್ಕಂದಿರನ್ನು ಕಳೆದುಕೊಂಡ ಮಕ್ಕಳು, ಸ್ಮಶಾನಕ್ಕೆ ಮುಖಮಾಡಿದ್ದ ಮನೆಯಲ್ಲಿ ಕುಳಿತು, ತಮಗೆ ಬೇಕಾದವರನ್ನು ತಮ್ಮ ಮಾತಿನಿಂದಲೇ ಎಬ್ಬಿಸುವ ಅಧಿಕಾರವನ್ನು ಕೈಗೆ ತೆಗೆದುಕೊಂಡರೆಂಬುದು ಮಾತ್ರ ಊಹೆಯಲ್ಲ. ೨೦೧೭ರ ಕಾದಂಬರಿಯು ಆ ಅಧಿಕಾರವನ್ನು ಕುಡಿಯುವ ರಸವನ್ನಾಗಿ ಮಾಡಿತು, ಅಷ್ಟೇ ವ್ಯತ್ಯಾಸ.

೩

ಇಲ್ಲಿ ಕನ್ನಡಿಗರಿಗೆ ಸಂಬಂಧಪಟ್ಟ ಮಾತೊಂದನ್ನು ಹೇಳದೆ ಮುಂದಕ್ಕೆ ಹೋಗಲಾಗದು. ಷಾರ್ಲೆಟ್ಟಳ ಕೈಯಲ್ಲಿದ್ದ ಬೊಂಬೆಗೆ ಹೆಸರನ್ನು ಕೊಟ್ಟ ವೆಲಿಂಗ್‌ಟನ್ನನು ನಮಗೆ ಹೊಸಬನಲ್ಲ. ಆತನೇ ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದ ಬಳಿಕ ಆ ಊರಿನ ಅಧಿಕಾರವನ್ನು ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ೧೮೦೦ರಲ್ಲಿ ಧೋಂಡಿಯವಾಘನನ್ನು ಬೆನ್ನಟ್ಟಿ ಮುಗಿಸಿದವನೂ ಆತನೇ. ಟಿಪ್ಪುವಿನ ದೇಹವು ಸಿಕ್ಕಿದಾಗ ನಾಡಿಯನ್ನು ಮುಟ್ಟಿ ನೋಡಿ, ಪ್ರಾಣವಿಲ್ಲವೆಂದು ಗೊತ್ತುಮಾಡಿಕೊಂಡವನೂ ವೆಲ್ಲೆಸ್ಲಿಯೇ ಎಂದು ಅವನ ಚರಿತ್ರಕಾರರು ಹೇಳುವುದುಂಟು. ಹಾವರ್ತಿನ ಮಕ್ಕಳ ಆಟದಲ್ಲಿ ಆತನು ಸತ್ತವರು ಏಳುವ ನಗರದ ನಾಯಕ. ನಮ್ಮ ಚರಿತ್ರೆಯಲ್ಲಿ ಆತನು ಬಂದುಹೋದ ಹಾದಿಯಲ್ಲಿ ಸತ್ತವರಾರೂ ಏಳಲಿಲ್ಲ.

ಅಂತೆಯೇ, ಮಕ್ಕಳು ನಗರವನ್ನು ಕಟ್ಟಿದ ಪಶ್ಚಿಮ ಆಫ್ರಿಕವು ನಿರ್ಜನವಾದ ಭೂಮಿಯಲ್ಲ. ಅದು ಅಶಾಂಟಿ ಜನರ ನಾಡು. ೧೮೨೩ರಿಂದ ೧೮೩೧ರವರೆಗೆ ಇಂಗ್ಲಿಷರಿಗೂ ಅಶಾಂಟಿಗಳಿಗೂ ನಡೆದ ನಿಜವಾದ ಯುದ್ಧವು ಆ ಆಟದ ನೆರೆಯಲ್ಲಿಯೇ ನಡೆಯುತ್ತಿತ್ತು. ಮಕ್ಕಳ ಕಥೆಯಲ್ಲಿ ಅಶಾಂಟಿಯ ಅರಸನು ಸೋಲುವನು. ಅವನ ಮಗನಾದ ಕ್ವಾಷಿಯನ್ನು ವೆಲಿಂಗ್‌ಟನ್ನನು ಸಾಕುವನು. ಬೆಳೆದ ಕ್ವಾಷಿಯು ತನ್ನ ನಾಡಿಗಾಗಿ ತಿರುಗಿಬೀಳುವನು. ಗೆದ್ದವರ ಕಡೆಯಿಂದ ಬರೆದ ಕಥೆಯಾದರೂ ಸೋತವನ ಕೋಪವು ಅದರಲ್ಲಿ ಅಡಗಿಹೋಗಿಲ್ಲವೆಂಬುದು ಗಮನಾರ್ಹ. ಮನೆಯಿಲ್ಲದೆ ಪರರ ಮನೆಯಲ್ಲಿ ಬೆಳೆದು, ಬೆಳೆಸಿದವರ ಮೇಲೆಯೇ ಹಗೆತೀರಿಸಿಕೊಳ್ಳುವ ಹೀತ್‌ಕ್ಲಿಫನನ್ನು 'ವುದರಿಂಗ್ ಹೈಟ್ಸ್' ಕಾದಂಬರಿಯಲ್ಲಿ ಕಂಡವರು ಕ್ವಾಷಿಯನ್ನು ಅವನ ದೂರದ ಪೂರ್ವಜನೆಂದು ಭಾವಿಸಿದರೆ ತಪ್ಪಾಗಲಾರದು.

೪

ಈ ಆಟವು ಬಾಯಿಮಾತಿನಲ್ಲಿ ನಿಂತಿದ್ದರೆ ಚರಿತ್ರೆಗೆ ಸಿಕ್ಕುತ್ತಿರಲಿಲ್ಲ. ೧೮೨೯ರ ಜನವರಿಯಲ್ಲಿ ಬ್ರಾನ್‌ವೆಲ್ಲನು ಸಿಪಾಯಿಗಳಿಗಾಗಿ ಪತ್ರಿಕೆಯೊಂದನ್ನು ಹೊರಡಿಸಿದನು. ಅದೇ ವರ್ಷ ಅದು ಷಾರ್ಲೆಟ್ಟಳ ಕೈಗೆ ಬಂದಿತು. ಓದುಗರು ಬೊಂಬೆಗಳಾದುದರಿಂದ ಪುಸ್ತಕವೂ ಬೊಂಬೆಗಳ ಅಳತೆಯದೇ: ಎತ್ತರ ಸುಮಾರು ಎರಡೂವರೆ ಅಂಗುಲ, ಅಗಲ ಒಂದೂವರೆ ಅಂಗುಲಕ್ಕೆ ಕಡಮೆ. ಕೈಗೆ ಸಿಕ್ಕ ಚೂರುಕಾಗದಗಳನ್ನು ಮಡಿಸಿ ಹೊಲಿದು, ಅಚ್ಚಿನ ಅಕ್ಷರವನ್ನು ಅನುಕರಿಸಿ ಬರೆದ ಈ ಸಂಚಿಕೆಗಳಲ್ಲಿ ಒಂದೊಂದರಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕು ಪದಗಳಿರುವುದುಂಟು. ಭೂತಗನ್ನಡಿಯಿಲ್ಲದೆ ಓದುವುದು ಕಷ್ಟ. ಹಿರಿಯರ ಕಣ್ಣಿಗೆ ಬೀಳದಿರಲೆಂಬ ಉದ್ದೇಶವೂ ಇದ್ದಿರಬಹುದು.

೧೮೩೧ರ ಜನವರಿಯಲ್ಲಿ ಷಾರ್ಲೆಟ್ಟಳು ರೋ ಹೆಡ್ ಎಂಬ ಶಾಲೆಗೆ ಹೋದಳು. ಆಗ ಆಟವು ಒಡೆದು ಎರಡಾಯಿತು. ಎಮಿಲಿಯೂ ಆನ್ ಎಂಬುವಳೂ ಬೇರೆಯಾಗಿ, ಶಾಂತಸಾಗರದಲ್ಲಿ ಗೊಂಡಾಲ್ ಎಂಬ ದ್ವೀಪವನ್ನು ಕಲ್ಪಿಸಿಕೊಂಡರು. ಷಾರ್ಲೆಟ್ಟಳು ಮನೆಗೆ ಹಿಂದಿರುಗಿದ ಮೇಲೆ ಅವಳೂ ಬ್ರಾನ್‌ವೆಲ್ಲನೂ ೧೮೩೪ರಲ್ಲಿ ಆಂಗ್ರಿಯಾ ಎಂಬ ಹೊಸ ರಾಜ್ಯವನ್ನು ಕಟ್ಟಿದರು. ವೆಲಿಂಗ್‌ಟನ್ನನ ಹಿರಿಯ ಮಗನೇ ಜ಼ಮೋರ್ನನೆಂಬ ಹೆಸರಿನಿಂದ ಅದರ ಅರಸು, ಷಾರ್ಲೆಟ್ಟಳ ನಾಯಕ. ಅವನ ಮಾವನೂ ಹಗೆಯೂ ಆದ ನಾರ್ತಾಂಗರ್ಲೆಂಡನು ಬ್ರಾನ್‌ವೆಲ್ಲನ ನಾಯಕ. ಒಬ್ಬನ ಮಗಳೂ ಇನ್ನೊಬ್ಬನ ಪತ್ನಿಯೂ ಆದ ಮೇರಿಯು ಇಬ್ಬರ ನಡುವೆ ಸಿಕ್ಕಿದವಳು.

೧೮೩೬ರಲ್ಲಿ ನಡೆದ ಸಂಗತಿಯೊಂದು ನಮ್ಮ ವಿಷಯಕ್ಕೆ ಮುಖ್ಯವಾದುದು. ಷಾರ್ಲೆಟ್ಟಳು ರೋ ಹೆಡ್ ಶಾಲೆಯಲ್ಲಿ ಈಗ ಉಪಾಧ್ಯಾಯಿನಿ. ಅವಳು ದೂರದಲ್ಲಿದ್ದಾಗ ಬ್ರಾನ್‌ವೆಲ್ಲನು ಮೇರಿಯನ್ನು ಕಥೆಯಲ್ಲಿ ಸಾಯಿಸಿದನು. ಇಪ್ಪತ್ತು ವರ್ಷದ ಉಪಾಧ್ಯಾಯಿನಿಯು ರಜಕ್ಕೆ ಮನೆಗೆ ಬಂದವಳು ಮಾಡಿದ ಕೆಲಸವೇನು? 'ಜ಼ಮೋರ್ನನ ಪುನರಾಗಮನ'ವೆಂಬ ಕಥೆಯನ್ನು ಬರೆದು ಮೇರಿಯನ್ನು ಬದುಕಿಸಿದಳು. ಯಕ್ಷರು ಆ ವೇಳೆಗೆ ಕಥೆಯಿಂದ ಮರೆಯಾಗಿದ್ದರು. ಆದರೆ ಯಕ್ಷಿಣಿಯ ಕೈ ಇನ್ನೂ ಸುಮ್ಮನಾಗಿರಲಿಲ್ಲ. ಆಟದ ನಿಯಮದಂತೆ, ಬೇಕಾದವರು ಸಾಯತಕ್ಕದ್ದಲ್ಲ.

ಆದರೆ ಈ ಶಕ್ತಿಗೆ ತೆರಬೇಕಾದ ಬೆಲೆಯನ್ನೂ ಆಕೆ ಅರಿತಳು. ಶಾಲೆಯಲ್ಲಿ ಅವಳು ಬರೆದಿಟ್ಟ ದಿನಚರಿಯ ಹಾಳೆಗಳಲ್ಲಿ ಆಂಗ್ರಿಯಾದ ಜನರು ಕಣ್ಣಿಗೆ ಕಟ್ಟಿದಂತೆ ಬಂದು ನಿಲ್ಲುವುದೂ, ಮಕ್ಕಳ ಪಾಠವು ಅಸಹ್ಯವಾಗುವುದೂ ವರ್ಣಿತವಾಗಿದೆ. ೧೮೩೭ರ ಮಾರ್ಚಿನಲ್ಲಿ ಕವಿ ಸದೇಯು ಆಕೆಗೆ ಕಾಗದ ಬರೆದು, ಹಗಲುಗನಸು ಮನಸ್ಸಿನ ಆರೋಗ್ಯವನ್ನು ಕೆಡಿಸುವುದೆಂದೂ, ಸಾಹಿತ್ಯವು ಹೆಂಗಸಿನ ಜೀವನೋದ್ಯೋಗವಾಗಲಾರದೆಂದೂ ಎಚ್ಚರಿಸಿದನು. ಆ ಕವಿಯ ಎರಡನೆಯ ಮಾತು ಸುಳ್ಳಾಯಿತು, ಮೊದಲನೆಯದರಲ್ಲಿ ಸತ್ಯಾಂಶವಿತ್ತು. ಸುಮಾರು ೧೮೩೯ರಲ್ಲಿ ಷಾರ್ಲೆಟ್ಟಳು ಬರೆದ ಸಣ್ಣ ಬರಹವೊಂದನ್ನು ಈಗ 'ಆಂಗ್ರಿಯಾಕ್ಕೆ ವಿದಾಯ' ಎಂದು ಕರೆಯುವರು. ಸುಡುವ ಸೂರ್ಯನ ನಾಡನ್ನು ಬಿಟ್ಟು, ಮೋಡ ಮುಸುಕಿದ ತಂಪಾದ ನಾಡಿಗೆ ಸ್ವಲ್ಪಕಾಲವಾದರೂ ಹೋಗಬೇಕೆಂಬುದು ಅದರ ತಾತ್ಪರ್ಯ. ಬಹುದಿನ ಕೂಡಿ ಬಾಳಿದ ಬಂಧುಗಳನ್ನು ಬಿಟ್ಟು ಪರದೇಶಕ್ಕೆ ಹೊರಟವಳ ಸಂಕಟವು ಅದರಲ್ಲಿ ಕಾಣುತ್ತದೆ.

೫

ಎಮಿಲಿಯಾದರೋ ಆಟವನ್ನು ಬಿಡಲೇ ಇಲ್ಲ. ೧೮೪೫ನೆಯ ಜೂನ್ ೩೦ರಂದು ಅವಳೂ ಆನ್ ಎಂಬುವಳೂ ಯಾರ್ಕ್ ನಗರಕ್ಕೆ ಪ್ರಯಾಣ ಹೊರಟಾಗ, ದಾರಿಯುದ್ದಕ್ಕೂ ತಾವು ವಿದ್ಯಾಭವನಗಳಿಂದ ತಪ್ಪಿಸಿಕೊಂಡು ರಾಜಪಕ್ಷವನ್ನು ಸೇರಲು ಹೊರಟ ಗೊಂಡಾಲಿನ ವೀರರೆಂದು ನಟಿಸಿದರಂತೆ. ಇದನ್ನು ಎಮಿಲಿಯು ಮುಂದಿನ ತಿಂಗಳು, ತನಗೆ ಇಪ್ಪತ್ತೇಳು ತುಂಬಿದಾಗ ಬರೆದಿಟ್ಟ ಕಾಗದದಲ್ಲಿ ಸಂತೋಷದಿಂದ ಹೇಳಿಕೊಂಡಿದ್ದಾಳೆ. ಅದೇ ಸಮಯದಲ್ಲಿ ಆನ್ ಬರೆದ ಕಾಗದವು, ಗೊಂಡಾಲಿನವರು ಈಗ ಆಟಕ್ಕೆ ಅಷ್ಟು ಒದಗುತ್ತಿಲ್ಲವೆಂದು ನಿಟ್ಟುಸಿರುಬಿಡುತ್ತದೆ. ಒಂದೇ ಆಟದಲ್ಲಿ ಒಬ್ಬಳು ಇನ್ನೂ ಒಳಗೆ. ಇನ್ನೊಬ್ಬಳು ಹೊಸ್ತಿಲ ಮೇಲೆ.

ಆದರೆ ಗೊಂಡಾಲಿನ ನಿಯಮವು ಗಾಜಿನ ನಗರದ್ದಲ್ಲ. ೧೮೪೫ರ ಮಾರ್ಚ್ ೩ ಎಂದು ದಿನಾಂಕವುಳ್ಳ ಎಮಿಲಿಯ ಕವಿತೆಯೊಂದರಲ್ಲಿ, ಗೊಂಡಾಲಿನ ರೋಸಿನಾ ಎಂಬ ರಾಣಿಯು ಹದಿನೈದು ವರ್ಷಗಳ ಹಿಂದೆ ಮಣ್ಣಾದ ತನ್ನ ಪ್ರಿಯನನ್ನು ನೆನೆಯುವಳು. ಯಾವ ಯಕ್ಷರೂ ಬಂದು ಅವನನ್ನು ಎಬ್ಬಿಸುವುದಿಲ್ಲ. ತಾನೂ ಆ ಗೋರಿಗೆ ಇಳಿಯಬೇಕೆಂಬ ಆಸೆಯನ್ನು ತಡೆದು, ಸುಖವಿಲ್ಲದೆಯೂ ಬದುಕುವುದನ್ನು ಆಕೆ ಕಲಿತಿದ್ದಾಳೆ. ೧೮೪೬ರ ಮೇ ತಿಂಗಳಲ್ಲಿ ಮೂವರು ಸೋದರಿಯರು ಬೆಲ್ ಎಂಬ ಮನೆತನದ ಕಲ್ಪಿತನಾಮಗಳಿಂದ ತಮ್ಮ ಖರ್ಚಿನಲ್ಲಿಯೇ ಪ್ರಕಟಿಸಿದ ಕವನಸಂಗ್ರಹದಲ್ಲಿ ಈ ಕವಿತೆಯು ಗೊಂಡಾಲಿನ ಹೆಸರುಗಳನ್ನು ಕಳೆದುಕೊಂಡು 'ಸ್ಮರಣೆ' ಎಂಬ ಅರ್ಥದ ಶೀರ್ಷಿಕೆಯಿಂದ ಬಂದಿತು. ಸುಮಾರು ಒಂದು ವರ್ಷದಲ್ಲಿ ಆ ಸಂಗ್ರಹದ ಎರಡು ಪ್ರತಿಗಳು ಮಾತ್ರ ಮಾರಾಟವಾದುವು. ಕೊಂಡವರಾರಿಗೂ ತಾವು ಓದುತ್ತಿರುವುದು ಆಟವೊಂದರ ತುಣುಕೆಂದು ತಿಳಿದಿರಲಾರದು. ಆಟದ ಮುಖವಾಡವನ್ನು ತೆಗೆದರೂ ಕವಿತೆಯು ನಿಂತಿತು. ಇದೇ ಪರೀಕ್ಷೆ.

೧೮೪೭ರ ಅಕ್ಟೋಬರಿನಲ್ಲಿ 'ಜೇನ್ ಏರ್' ಹೊರಬಂದಿತು. ಡಿಸೆಂಬರಿನಲ್ಲಿ 'ವುದರಿಂಗ್ ಹೈಟ್ಸ್' ಮತ್ತು 'ಆಗ್ನೆಸ್ ಗ್ರೇ'. 'ಜೇನ್ ಏರ್' ಕಾದಂಬರಿಯಲ್ಲಿ ಹೆಲೆನ್ ಬರ್ನ್ಸ್ ಎಂಬ ತಾಳ್ಮೆಯ ಹುಡುಗಿಯೊಬ್ಬಳು ಶಾಲೆಯಲ್ಲಿ ಕ್ಷಯದಿಂದ ನವೆದು, ಜೇನಳ ತೋಳಿನಲ್ಲಿ ಮಲಗಿ ಸಾಯುವಳು. ಇವಳು ಮರಿಯಾ ಎಂಬುದು ಷಾರ್ಲೆಟ್ಟಳ ಚರಿತ್ರೆಯನ್ನು ಬರೆದ ಎಲಿಜಬೆತ್ ಗ್ಯಾಸ್ಕೆಲ್ಲಳ ಕಾಲದಿಂದಲೂ ತಿಳಿದ ವಿಷಯ. ಈವರೆಗೆ ಹೇಳಿದುದನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಅಧ್ಯಾಯವನ್ನು ಓದಿದರೆ ಅದರ ಬೆಲೆ ಬೇರೆಯಾಗುತ್ತದೆ. ಮೇರಿಯನ್ನು ಬದುಕಿಸಿದ ಲೇಖನಿಯು ಹೆಲೆನಳನ್ನು ಬದುಕಿಸಲಿಲ್ಲ. ಬದುಕಿಸುವುದು ಹೇಗೆಂದು ತಿಳಿಯದೆ ಅಲ್ಲ. ಹಲವು ವರ್ಷ ಅದನ್ನೇ ಮಾಡಿದ ಕೈ ಅದು. ಅಕ್ಕನನ್ನು ಅಕ್ಕನಾಗಿಯೇ ಕಾಣಬೇಕಾದರೆ ಅವಳನ್ನು ಸಾಯಲು ಬಿಡಬೇಕೆಂಬುದನ್ನು ಷಾರ್ಲೆಟ್ಟಳು ಆಟದ ಹೊರಗೆ ಬಂದು ಕಲಿತಳು. ಎಮಿಲಿಯು ಇದೇ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟಳು. ಅವಳ ಕಾದಂಬರಿಯಲ್ಲಿ ಹೀತ್‌ಕ್ಲಿಫನು ಪ್ರಿಯಳ ಗೋರಿಯನ್ನು ತೆರೆಯಿಸಿ ನೋಡುವನು. ಆಕೆ ಏಳುವುದಿಲ್ಲ, ಆದರೆ ಪೂರ್ಣವಾಗಿ ಹೋಗುವುದೂ ಇಲ್ಲ.

ಆಟದಿಂದ ಹೊರಬರಲಾರದೆ ಹೋದವನು ಆಟವನ್ನು ತಂದವನೇ. ಬ್ರಾನ್‌ವೆಲ್ಲನು ಪ್ರಾಂತದ ವೃತ್ತಪತ್ರಿಕೆಗಳಲ್ಲಿ ಪ್ರಕಟಿಸಿದ ಕವಿತೆಗಳ ಕೆಳಗೆ ನಾರ್ತಾಂಗರ್ಲೆಂಡ್ ಎಂದು ರುಜು ಹಾಕುತ್ತಿದ್ದನು. ಸೋದರಿಯರು ಆಟದ ಹೆಸರುಗಳನ್ನು ಅಳಿಸಿ ಅಚ್ಚಿಗೆ ಬಂದರು. ಇವನು ತನ್ನ ಹೆಸರನ್ನೇ ಅಳಿಸಿ ಆಟದ ಹೆಸರನ್ನು ಉಳಿಸಿಕೊಂಡನು. ಕುಡಿತಕ್ಕೂ ಅಫೀಮಿಗೂ ಬಲಿಯಾಗಿ, ಕ್ಷಯವೂ ಸೇರಿ, ೧೮೪೮ನೆಯ ಸೆಪ್ಟೆಂಬರ್ ೨೪ರಂದು ಸತ್ತನು. ಅದೇ ಡಿಸೆಂಬರ್ ೧೯ರಂದು ಎಮಿಲಿ, ಮರುವರ್ಷ ಮೇ ೨೮ರಂದು ಆನ್. ಎಂಟೇ ತಿಂಗಳಲ್ಲಿ ನಾಲ್ವರು ಯಕ್ಷರಲ್ಲಿ ಮೂವರು ಹೋದರು. ಷಾರ್ಲೆಟ್ಟಳೊಬ್ಬಳು ೧೮೫೫ರವರೆಗೆ ಉಳಿದಳು.

೬

ಈ ಬರಹಗಳ ಗತಿಯೂ ಒಂದು ಕಥೆಯೇ. ೧೮೫೭ರಲ್ಲಿ ಗ್ಯಾಸ್ಕೆಲ್ಲಳು ಅವುಗಳ ಕಟ್ಟೊಂದನ್ನು ಕಂಡುದಾಗಿ ಬರೆದಳು. ೧೮೯೫ರಲ್ಲಿ ಷಾರ್ಲೆಟ್ಟಳ ಗಂಡನಿಂದ ಅವನ್ನು ಕೊಂಡವರು ಬಿಡಿಬಿಡಿಯಾಗಿ ಮಾರಿದರು. ಹೀಗೆ ಒಂದೇ ಕಥೆಯ ಹಾಳೆಗಳು ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿಯೂ ಚದರಿಹೋದುವು. ಅಮೆರಿಕದ ವಿದುಷಿ ಫ್ಯಾನಿ ರ್ಯಾಚ್‌ಫರ್ಡ್ ೧೯೪೧ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಆಟಕ್ಕೂ ಕಾದಂಬರಿಗಳಿಗೂ ಇರುವ ನಂಟು ವಿದ್ವಾಂಸರಿಗೆ ಸ್ಪಷ್ಟವಾಯಿತು. ೧೯೮೭ರಿಂದ ಕ್ರಿಸ್ಟೀನ್ ಅಲೆಕ್ಸಾಂಡರರು ಷಾರ್ಲೆಟ್ಟಳ ಬಾಲ್ಯದ ಬರಹಗಳನ್ನು ಶಾಸ್ತ್ರೀಯವಾಗಿ ಸಂಪಾದಿಸತೊಡಗಿದರು. ೨೦೧೯ರ ನವೆಂಬರಿನಲ್ಲಿ ೧೮೩೦ರ ಸಂಚಿಕೆಯೊಂದು ಪ್ಯಾರಿಸ್ಸಿನಲ್ಲಿ ಆರು ಲಕ್ಷ ಯೂರೋಗಳಿಗೆ ಮಾರಾಟವಾಗಿ ಹಾವರ್ತಿನ ವಸ್ತುಸಂಗ್ರಹಾಲಯಕ್ಕೆ ಹಿಂದಿರುಗಿತು. ಆದರೆ ಎಮಿಲಿ ಮತ್ತು ಆನ್ ಬರೆದ ಗೊಂಡಾಲಿನ ಗದ್ಯಕಥೆಗಳಲ್ಲಿ ಒಂದು ಪುಟವೂ ಉಳಿದಿಲ್ಲ. ಕವಿತೆಗಳಿಂದ ಆ ಕಥೆಯನ್ನು ಪುನಃ ಕಟ್ಟಲು ರ್ಯಾಚ್‌ಫರ್ಡರು ೧೯೫೫ರಲ್ಲಿ ಮಾಡಿದ ಪ್ರಯತ್ನವು ಚತುರವಾದುದೇ. ಆದರೆ ಅದನ್ನು ಎಲ್ಲರೂ ಒಪ್ಪಿಲ್ಲ. ಆ ಸಂಜೀವಿನಿ ವಿದ್ಯೆಯು ಪಂಡಿತರಿಗೂ ಸುಲಭಸಾಧ್ಯವಲ್ಲ.

ಇಷ್ಟರಿಂದ ಅಧ್ಯಾಪಕರಿಗೆ ವಿಜ್ಞಾಪಿಸತಕ್ಕ ಮಾತು ಒಂದೇ. ಬ್ರಾಂಟೆ ಸೋದರಿಯರನ್ನು ಪಾಠಹೇಳುವಾಗ, ಕುರುಚಲು ಬಯಲಿನ ಏಕಾಂತದಲ್ಲಿ ಮೂವರು ಕನ್ನೆಯರಿಗೆ ಪ್ರತಿಭೆಯು ಹಠಾತ್ತಾಗಿ ಹೊಳೆಯಿತೆಂದು ವರ್ಣಿಸುವುದು ವಾಡಿಕೆ. ಚರಿತ್ರೆಯು ಹಾಗೆ ಹೇಳುವುದಿಲ್ಲ. ೧೮೨೬ರಿಂದ ೧೮೪೫ರವರೆಗೆ, ಸುಮಾರು ಇಪ್ಪತ್ತು ವರ್ಷ, ಅವರು ಒಂದೇ ಆಟದಲ್ಲಿ ಕೂಡಿ ಕಲಿತರು, ಜಗಳವಾಡಿದರು, ಬೇರೆಯಾದರು, ಸಾವಿರಾರು ಪುಟಗಳನ್ನು ತುಂಬಿದರು. ಮಾಯಾಕ್ರೀಡೆಯ ಕಾದಂಬರಿಗಳಲ್ಲಿ ಆಟವು ಸೋದರಿಯರನ್ನು ಒಳಗೆ ಸೆಳೆಯುವುದೇ ಅದ್ಭುತ. ಬ್ರಾಂಟೆ ಸೋದರಿಯರ ಚರಿತ್ರೆಯಲ್ಲಿ ಅವರು ಅದರಿಂದ ಏನನ್ನು ಹೊತ್ತು ಹೊರಗೆ ಬಂದರೆಂಬುದೇ ಅದ್ಭುತ. ಆ ಸಂಜೀವಿನಿಯನ್ನು ಅವರು ಮನೆಗೆ ತರಲಾಗಲಿಲ್ಲ. ಆದರೆ ಹನ್ನೊಂದನೆಯ ವಯಸ್ಸಿನಲ್ಲಿ ಸತ್ತ ಹುಡುಗಿಯೊಬ್ಬಳು, ೧೮೪೭ರಿಂದ ಇಂದಿನವರೆಗೆ, ಆ ಕಾದಂಬರಿಯನ್ನು ತೆರೆದವರ ಮುಂದೆ ಮತ್ತೆ ಪುಸ್ತಕ ಹಿಡಿದು ಕುಳಿತಿರುತ್ತಾಳೆ; ಮತ್ತೆ ಸಾಯುತ್ತಾಳೆ.